ಕೊನೆಯ ನಿಲ್ದಾಣದಲ್ಲಿ ಇಳಿದ ಮೇಲೆ

ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವನಿಗೆ ನಿವೃತ್ತಿಯಾದರೂ ಒಂದು ರೋಗ ಬಿಡುವುದಿಲ್ಲ. ಅಂಗಡಿಯವನು ಕೊಟ್ಟ ಚಿಲ್ಲರೆಯನ್ನು ಎರಡು ಸಲ ಎಣಿಸುವುದು, ಹಾಲಿನ ಲೆಕ್ಕವನ್ನು ಕ್ಯಾಲೆಂಡರಿನಲ್ಲಿ ಬರೆದಿಡುವುದು, ತಿಂಗಳ ಕೊನೆಗೆ ಎಲ್ಲವನ್ನೂ ಕೂಡಿಸಿ ತಾಳೆ ನೋಡುವುದು. ನನಗೀಗ ಎಪ್ಪತ್ತನಾಲ್ಕು. ಈ ರೋಗ ನನ್ನಿಂದ ಮೊಮ್ಮಗಳಿಗೂ ಅಂಟಿದೆ ಎಂದು ಗೊತ್ತಾದದ್ದು 2024ರ ಮೇ ತಿಂಗಳಲ್ಲಿ, ಬೆಂಗಳೂರಿನ ಒಂದು ಮೆಟ್ರೋ ನಿಲ್ದಾಣದಲ್ಲಿ. ಆ ಕಥೆಯನ್ನು ಹೇಳುತ್ತೇನೆ. ನನ್ನ ಮರ್ಯಾದೆ ಸ್ವಲ್ಪ ಹೋಗುತ್ತದೆ, ಆದರೆ ಅಡ್ಡಿ ಇಲ್ಲ.

ನನ್ನ ಮನೆ ಮಣಿಪಾಲದ ಪಕ್ಕದ ಪರ್ಕಳದಲ್ಲಿ. ಹೆಂಡತಿ ತೀರಿಕೊಂಡು ಮೂರು ವರ್ಷವಾಗಿತ್ತು. ಮಗ, ಸೊಸೆ, ಮೊಮ್ಮಗಳು ಬೆಂಗಳೂರಿನ ಕೆಂಗೇರಿ ಉಪನಗರದಲ್ಲಿದ್ದಾರೆ. ಮಗ ಫೋನ್ ಮಾಡಿದಾಗಲೆಲ್ಲ ಒಂದೇ ಮಾತು: "ಅಪ್ಪ, ಒಬ್ರೇ ಎಷ್ಟು ದಿನ ಇರುದು? ಮನೆಗೆ ಬೀಗ ಹಾಕಿ ಇಲ್ಲಿಗೇ ಬಂದುಬಿಡಿ." ನನ್ನ ಉತ್ತರವೂ ಒಂದೇ: "ಬಾವಿ ಉಂಟು, ಎರಡು ಹಲಸಿನ ಮರ ಉಂಟು, ನೋಡುವ." ಅವನಿಗೆ ಗೊತ್ತು, ನನ್ನನ್ನು ಹಿಡಿದಿಟ್ಟಿರುವುದು ಬಾವಿಯೂ ಅಲ್ಲ, ಹಲಸೂ ಅಲ್ಲ. ನನ್ನ ಕೆಲಸ ನಾನೇ ಮಾಡಿಕೊಳ್ಳಬಲ್ಲೆ ಎಂಬ ಹಟ.

ಪ್ರತಿ ಸಲ ನಾನು ರಾತ್ರಿ ಬಸ್ಸಿನಲ್ಲಿ ಹೊರಟರೆ, ಮಗ ಬೆಳಗಿನ ಜಾವ ಎದ್ದು ಕಾರು ತೆಗೆದುಕೊಂಡು ಬಂದು ಕಾಯುತ್ತಿದ್ದ. ಆ ಸಲ ನಾನು ಖಡಾಖಂಡಿತವಾಗಿ ಹೇಳಿದೆ: "ನೀನು ನಿದ್ದೆ ಕೆಡಿಸಿಕೊಳ್ಳಬೇಡ ಮಗಾ. ನಾನು ಮೆಟ್ರೋದಲ್ಲಿ ಬರ್ತೇನೆ." ಅವನು ಬೇಡ ಎಂದ. ನಾನು ಬೇಕು ಎಂದೆ. ಕೊನೆಗೆ ಆರನೇ ತರಗತಿಗೆ ಹೋಗಲಿದ್ದ ಮೊಮ್ಮಗಳು ಪಂಚಾಯ್ತಿಗೆ ಬಂದು, "ಅಜ್ಜನಿಗೆ ನಾನು ಹೇಳಿಕೊಡ್ತೇನೆ" ಎಂದಳು. ಅವಳು ಕಾಗದದಲ್ಲಿ ಹಸಿರು ಗೆರೆ, ನೇರಳೆ ಗೆರೆ ಎಳೆದು ಫೋಟೋ ಕಳಿಸಿದಳು. "ನಾಗಸಂದ್ರದಲ್ಲಿ ಹಸಿರು ಹತ್ತಿ. ಮೆಜೆಸ್ಟಿಕ್‌ನಲ್ಲಿ ಇಳಿದು ನೇರಳೆ. ಚಲ್ಲಘಟ್ಟ ಕಡೆಗೆ, ಅಜ್ಜ. ಚಲ್ಲಘಟ್ಟ! ಕೆಂಗೇರಿ ಬಸ್ ಟರ್ಮಿನಲ್‌ನಲ್ಲಿ ಇಳಿಯಿರಿ." ಹಿಂದಿನ ಸಲ ಬಂದಾಗ ಕೊಡಿಸಿದ ಮೆಟ್ರೋ ಕಾರ್ಡಿನಲ್ಲಿ ಸರಿಯಾಗಿ 300 ರೂಪಾಯಿ ಇತ್ತು. ಅದನ್ನು ನಾನು ಡೈರಿಯಲ್ಲಿ ಬರೆದಿಟ್ಟಿದ್ದೆ. ಅವಳೂ ನೆನಪಿಟ್ಟುಕೊಂಡಿದ್ದಳು ಎಂಬುದು ನನಗೆ ಗೊತ್ತಿರಲಿಲ್ಲ.

ಕೊನೆಯ ನಿಲ್ದಾಣ ಎಂದರೆ ನನಗೆ ಹೊಸತೇನಲ್ಲ. ನಾನು ಹುಟ್ಟಿದ್ದು ಕಾರ್ಕಳದಲ್ಲಿ. ನಮ್ಮ ಬಾಲ್ಯದಲ್ಲಿ ಬಸ್ಸುಗಳಿಗೆ ನಂಬರ್ ಇರಲಿಲ್ಲ, ಹೆಸರಿತ್ತು. ಸಿ.ಪಿ.ಸಿ., ಶಂಕರ ವಿಠಲ, ಹನುಮಾನ್ ಎಂದು ಹೆಸರು ಹಿಡಿದೇ ಬಸ್ಸು ಗುರುತಿಸುತ್ತಿದ್ದೆವು. ತಪ್ಪು ಬಸ್ಸು ಹತ್ತಿದರೆ ಕಂಡಕ್ಟರನೇ, "ನೀನು ಇಂಥವರ ಮಗ ಅಲ್ವಾ, ಇದಕ್ಕೆ ಯಾಕೆ ಹತ್ತಿದೆ?" ಎಂದು ಇಳಿಸುತ್ತಿದ್ದ. ರೈಲು ನೋಡಬೇಕಾದರೆ ಮಂಗಳೂರಿಗೇ ಹೋಗಬೇಕಿತ್ತು. 1993ರ ಮಾರ್ಚ್‌ನಲ್ಲಿ ಕೊಂಕಣ ರೈಲ್ವೆಯ ಮಂಗಳೂರು–ಉಡುಪಿ ತುಂಡು ಶುರುವಾದಾಗ ಊರಿಗೆ ಊರೇ ಇಂದ್ರಾಳಿಗೆ ರೈಲು ನೋಡಲು ಹೋಗಿತ್ತು. ಇಡೀ ಮಾರ್ಗ ಮುಗಿದು ಉದ್ಘಾಟನೆಯಾದದ್ದು 1998ರ ಜನವರಿ 26ರಂದು. ನಡುವೆ ಸ್ವಲ್ಪ ಕಾಲ ನಮ್ಮ ಉಡುಪಿಯೇ ಕೊನೆಯ ನಿಲ್ದಾಣವಾಗಿತ್ತು ಎಂದರೆ ಈಗಿನ ಮಕ್ಕಳು ನಂಬುವುದಿಲ್ಲ. ರೈಲೇನೋ ಬಂತು. ಆದರೆ ಇಂದ್ರಾಳಿಯಲ್ಲಿ ಇಳಿದವನು ಪೇಟೆಯ ಬಸ್‌ಸ್ಟ್ಯಾಂಡಿಗೆ ಹೋಗುವುದು ಹೇಗೆ? ಗಂಟುಮೂಟೆ ಹೊತ್ತು ರಸ್ತೆಗೆ ಬರಬೇಕು, ಇಲ್ಲವೇ ರಿಕ್ಷಾದವನು ಹೇಳಿದಷ್ಟು ಕೊಡಬೇಕು. ರೈಲಿನ ಕೊನೆಯ ನಿಲ್ದಾಣದ ಪಕ್ಕದಲ್ಲಿ ಬಸ್ಸು ಇಲ್ಲದಿದ್ದರೆ ಪ್ರಯಾಣ ಅರ್ಧ ಮಾತ್ರ ಮುಗಿದ ಹಾಗೆ. ಆ ಪಾಠ ನನಗೆ ಆಗಲೇ ಆಗಿತ್ತು.

ಬಸ್ಸು ಹೇಳಿದ ಸಮಯಕ್ಕೆ ಸರಿಯಾಗಿ ನಾಗಸಂದ್ರ ತಲುಪಿತು. ಬೆಳಿಗ್ಗೆ ಇನ್ನೂ ಆರು ದಾಟಿತ್ತಷ್ಟೆ. ತುಮಕೂರು ರಸ್ತೆಯ ಮೇಲೆ ಎತ್ತರದಲ್ಲಿರುವ ಈ ನಿಲ್ದಾಣ ಆಗ ಹಸಿರು ಮಾರ್ಗದ ಉತ್ತರದ ತುದಿ. 2015ರ ಮೇ ತಿಂಗಳಿನಿಂದಲೂ ಅದೇ ತುದಿ. ಮಂಗಳೂರು, ಉಡುಪಿ, ಕುಂದಾಪುರ ಕಡೆಯಿಂದ ಹಾಸನ, ನೆಲಮಂಗಲ ದಾಟಿ ಬರುವ ಬಸ್ಸುಗಳು ಇದರ ಬುಡದಲ್ಲೇ ಹಾದುಹೋಗುತ್ತವೆ. ಮೊದಲ ನಿಲ್ದಾಣದಲ್ಲೇ ಹತ್ತಿದರೆ ಸೀಟು ಖಂಡಿತ ಎಂಬುದು ನಮ್ಮ ಊರಿನ ಬಸ್ಸು ಕಲಿಸಿದ ಬುದ್ಧಿ. ಕಾರ್ಡು ಮುಟ್ಟಿಸಿದೆ, ಗೇಟು ತೆರೆಯಿತು. ನನಗೆ ಆಗಲೇ ಅರ್ಧ ಗೆದ್ದಷ್ಟು ಸಂತೋಷ.

ಮಕ್ಕಳೇ, ನಿಮಗೆ ಒಂದು ವಿಷಯ ಹೇಳಬೇಕು. ಬಸ್ಸು ಕೊನೆಯ ಸ್ಟಾಪಿಗೆ ಹೋದರೆ ತಿರುಗಿಸಿಕೊಳ್ಳುತ್ತದೆ. ಹಳೆಯ ಕಾಲದ ರೈಲಿನಲ್ಲಿ ಎಂಜಿನ್ ಬಿಚ್ಚಿ ಇನ್ನೊಂದು ತುದಿಗೆ ಜೋಡಿಸುತ್ತಿದ್ದರು. ಮೆಟ್ರೋದಲ್ಲಿ ಅದು ಯಾವುದೂ ಇಲ್ಲ. ಆರು ಬೋಗಿಗಳ ರೈಲಿಗೆ ಎರಡು ತುದಿಯಲ್ಲೂ ಚಾಲಕರ ಕೋಣೆ ಉಂಟು. ಕೊನೆಯ ನಿಲ್ದಾಣ ಬಂದರೆ ತಲೆಯೇ ಬಾಲವಾಗುತ್ತದೆ, ಬಾಲವೇ ತಲೆಯಾಗುತ್ತದೆ. ನಮ್ಮ ಮೆಟ್ರೋದಲ್ಲಿ ಮೇಲೆ ವಿದ್ಯುತ್ ತಂತಿಯೂ ಕಾಣುವುದಿಲ್ಲ. ಹಳಿಗಳ ಪಕ್ಕದಲ್ಲಿ ಮೂರನೆಯ ಹಳಿಯೊಂದಿದೆ, 750 ವೋಲ್ಟ್ ವಿದ್ಯುತ್ ಹರಿಯುವುದು ಅದರಲ್ಲಿ. ಅದಕ್ಕೇ ಏನೇ ಬಿದ್ದರೂ ಹಳಿಗೆ ಇಳಿಯಬಾರದು, ಸಿಬ್ಬಂದಿಗೆ ಹೇಳಬೇಕು.

ಕಿಟಕಿಯಲ್ಲಿ ಪೀಣ್ಯ ಹಾದುಹೋಯಿತು. ದೂರದೂರಿನ ಬಸ್ಸುಗಳಿಗಾಗಿ ಪೀಣ್ಯದಲ್ಲಿ ಬಸವೇಶ್ವರ ಬಸ್ ನಿಲ್ದಾಣ ಕಟ್ಟಿ 2014ರಲ್ಲಿ ತೆರೆದಿದ್ದರು. ಆಗ ಮೆಟ್ರೋ ಪೀಣ್ಯದಿಂದ ಮಲ್ಲೇಶ್ವರದ ಸಂಪಿಗೆ ರಸ್ತೆಯವರೆಗೆ ಮಾತ್ರ ಓಡುತ್ತಿತ್ತು. ಅದು ಮೆಜೆಸ್ಟಿಕ್ ಮುಟ್ಟಿದ್ದು 2017ರ ಜೂನ್‌ನಲ್ಲಿ. ಊರಿನಿಂದ ಬಂದವರಿಗೆ ಪೀಣ್ಯದಲ್ಲಿ ಇಳಿದು ಮತ್ತೊಂದು ಬಸ್ಸು ಹಿಡಿಯುವುದು ಯಾಕೆ ಬೇಕು? ಜನ ಬರಲಿಲ್ಲ, ಬಸ್ಸುಗಳು ಮೆಜೆಸ್ಟಿಕ್‌ಗೇ ಮರಳಿದವು. ಇಂದ್ರಾಳಿಯ ಪಾಠವೇ ಇಲ್ಲಿಯೂ. ಕಟ್ಟಡ ಎಷ್ಟು ದೊಡ್ಡದಿದ್ದರೂ ಮುಂದಿನ ದಾರಿ ಕೈಗೆ ಸಿಗದಿದ್ದರೆ ಜನ ಇಳಿಯುವುದಿಲ್ಲ.

ಇಷ್ಟೆಲ್ಲ ಬುದ್ಧಿವಂತಿಕೆಯ ಯೋಚನೆ ಮಾಡುತ್ತಾ ಮೆಜೆಸ್ಟಿಕ್‌ನಲ್ಲಿ ಇಳಿದೆ. ನೆಲದಡಿಯಲ್ಲಿ ಒಂದರ ಮೇಲೊಂದು ಎರಡು ಮಾರ್ಗ. ಎಸ್ಕಲೇಟರು, ಬಾಣದ ಗುರುತು, ನದಿಯ ಹಾಗೆ ನುಗ್ಗುವ ಜನ. ನೇರಳೆ ಬಣ್ಣ ಹಿಡಿದು ನಡೆದೆ. ರೈಲು ಬಂದು ನಿಂತಿತ್ತು. ಹಿಂದಿನವರು ತಳ್ಳಿದರು, ನಾನೂ ಒಳಗಾದೆ. ಒಬ್ಬ ಹುಡುಗ ಎದ್ದು, "ಕೂತ್ಕೊಳ್ಳಿ ತಾತ" ಎಂದ. ಕುಳಿತೆ. ರಾತ್ರಿಯಿಡೀ ಶಿರಾಡಿಯ ತಿರುವುಗಳಲ್ಲಿ ನಿದ್ದೆಯಿಲ್ಲ, ಒಳಗೆ ತಂಪು ಗಾಳಿ. ಬ್ಯಾಗನ್ನು ಮಡಿಲಲ್ಲಿ ಅಪ್ಪಿಕೊಂಡು ಕಣ್ಣು ಮುಚ್ಚಿದ್ದಷ್ಟೇ ನೆನಪು.

ಎಚ್ಚರವಾದಾಗ ಬೋಗಿಯಲ್ಲಿ ಯಾರೂ ಇರಲಿಲ್ಲ. ಎಲ್ಲರೂ ಇಳಿಯಬೇಕು ಎಂದು ಧ್ವನಿವರ್ಧಕ ಹೇಳುತ್ತಿತ್ತು. ಬಾಗಿಲ ಹೊರಗಿನ ಫಲಕ ಓದಿದೆ. ವೈಟ್‌ಫೀಲ್ಡ್, ಕಾಡುಗೋಡಿ.

ಕೆಂಗೇರಿ ಬೆಂಗಳೂರಿನ ಪಶ್ಚಿಮದಲ್ಲಿ, ವೈಟ್‌ಫೀಲ್ಡ್ ಪೂರ್ವದ ತುದಿಯಲ್ಲಿ. ಕಾಪುವಿಗೆ ಹೋಗಬೇಕಾದವನು ಕುಂದಾಪುರದಲ್ಲಿ ಇಳಿದ ಹಾಗಾಯಿತು. ಫೋನ್ ತೆಗೆದರೆ ಮಗನ ನಾಲ್ಕು ಮಿಸ್ಡ್ ಕಾಲ್. ಕೈ ನಡುಗಿತು. ದಾರಿ ತಪ್ಪಿದ್ದಕ್ಕಲ್ಲ. ಈಗ ಫೋನ್ ಮಾಡಿದರೆ ಇನ್ನು ಮುಂದೆ ಒಬ್ಬನೇ ಬರಲು ಬಿಡುವುದಿಲ್ಲ, ಪರ್ಕಳದ ಮನೆಗೆ ಬೀಗ ಬೀಳುತ್ತದೆ ಎಂಬ ಭಯ. ಅಷ್ಟು ಓದಿದವನು, ಬಿ.ಕಾಂ. ಮಾಡಿದವನು, ಲಕ್ಷಗಟ್ಟಲೆ ಹಣ ಎಣಿಸಿದವನು ಎರಡು ದಿಕ್ಕುಗಳಲ್ಲಿ ಒಂದನ್ನು ಓದಲಾರದೆ ಹೋದೆನಲ್ಲ ಎಂಬ ನಾಚಿಕೆ ಬೇರೆ. "ಬರ್ತಾ ಇದ್ದೇನೆ" ಎಂದು ಎರಡು ಶಬ್ದ ಬರೆದು ಕಳಿಸಿ, ಫೋನನ್ನು ಕಿಸೆಗೆ ಹಾಕಿಕೊಂಡೆ.

ಅದೇ ರೈಲಿನಲ್ಲಿ ಹಿಂದೆ ಹೋಗಬಹುದಿತ್ತು. ಆದರೆ ಕಾಫಿ ಬೇಕಿತ್ತು, ಕಾಲಿಗೆ ನೆಲ ಬೇಕಿತ್ತು. ಹೊರಗೆ ಬಂದೆ. ಪಕ್ಕದಲ್ಲೇ ಭಾರತೀಯ ರೈಲ್ವೆಯ ವೈಟ್‌ಫೀಲ್ಡ್ ನಿಲ್ದಾಣ. ಕೆಳಗೆ ರಸ್ತೆಯಲ್ಲಿ ಬಿ.ಎಂ.ಟಿ.ಸಿ. ಬಸ್ಸುಗಳ ಸಾಲು. ಮೆಟ್ರೋದಿಂದ ಇಳಿದವರನ್ನು ಕಂಪನಿಗಳ ಕಡೆಗೆ ಒಯ್ಯುವ ಫೀಡರ್ ಬಸ್ಸುಗಳು ಒಂದು ಕಡೆ, ಕಾಡುಗೋಡಿಯಿಂದ ಮೆಜೆಸ್ಟಿಕ್‌ಗೆ ಹೋಗುವ 335ಇ ಇನ್ನೊಂದು ಕಡೆ. ಕೈಯಲ್ಲಿ ಊಟದ ಡಬ್ಬಿ ಹಿಡಿದ ಹೆಂಗಸರು ಒಬ್ಬರ ಹಿಂದೆ ಒಬ್ಬರು ಹತ್ತುತ್ತಿದ್ದರು, ಅವರಿಗೆ ಟಿಕೆಟಿಗೆ ದುಡ್ಡಿಲ್ಲ. ಖಾಸಗಿ ಬಸ್ಸುಗಳೇ ತುಂಬಿದ ನಮ್ಮ ಉಡುಪಿಯಲ್ಲಿ ಈ ದೃಶ್ಯ ಅಪರೂಪ. ಗಾಡಿಯಂಗಡಿಯಲ್ಲಿ ಕಾಫಿ ಕುಡಿಯುತ್ತಿದ್ದ ಕಂಡಕ್ಟರ್ ಒಬ್ಬರಲ್ಲಿ, "ಕೆಂಗೇರಿಗೆ ಬಸ್ಸು ಉಂಟಾ?" ಎಂದು ಕೇಳಿದೆ.

ಅವರು ನನ್ನನ್ನೂ ನನ್ನ ಬ್ಯಾಗನ್ನೂ ನೋಡಿದರು. "ಎಲ್ಲಿಂದ ಬಂದ್ರಿ ಯಜಮಾನ್ರೇ?"

"ಉಡುಪಿಯಿಂದ. ನಾಗಸಂದ್ರದಲ್ಲಿ ಇಳಿದೆ."

ಅವರು ನಗಲಿಲ್ಲ. ಅದನ್ನು ನಾನು ಮರೆಯುವುದಿಲ್ಲ. "ದಿನಾ ಹತ್ತು ಜನ ಹಿಂಗೇ ಬರ್ತಾರೆ. ಬಸ್ಸು ಬೇಡ, ಟ್ರಾಫಿಕ್ಕು. ಇದೇ ಮೆಟ್ರೋ ಹತ್ತಿ. ಇಲ್ಲಿಂದ ಹೊರಡೋದೆಲ್ಲ ಆ ಕಡೆಗೇ ಹೋಗೋದು. ಕೊನೇ ಸ್ಟಾಪಲ್ಲಿ ಒಂದು ಅನುಕೂಲ ಅದೆ, ಇಲ್ಲಿ ಯಾರೂ ದಿಕ್ಕು ತಪ್ಪೋಕಾಗಲ್ಲ" ಎಂದರು. ಕಾಫಿಯ ದುಡ್ಡನ್ನೂ ಕೊಡಲು ಬಿಡಲಿಲ್ಲ.

ಮತ್ತೆ ಕಾರ್ಡು ಮುಟ್ಟಿಸಿ ಒಳಗೆ ಹೋದೆ. ಈ ಸಲ ನಿದ್ದೆ ಬರಲಿಲ್ಲ. ನೇರಳೆ ಮಾರ್ಗ 43 ಕಿಲೋಮೀಟರಿಗಿಂತ ಉದ್ದ, 37 ನಿಲ್ದಾಣ. ನಾನು ಇಳಿಯಬೇಕಾದದ್ದು ಮೂವತ್ತೈದನೆಯದು. ಒಂದೊಂದನ್ನೂ ಬೆರಳಿನಲ್ಲಿ ಎಣಿಸಿದೆ. ಹೂಡಿ, ಕೆ.ಆರ್. ಪುರ, ಬೈಯಪ್ಪನಹಳ್ಳಿ. ಬೈಯಪ್ಪನಹಳ್ಳಿ ಬಂದಾಗ ಹೆಂಡತಿಯ ನೆನಪಾಯಿತು. 2011ರ ಅಕ್ಟೋಬರ್‌ನಲ್ಲಿ ಬೆಂಗಳೂರಿನ ಮೊದಲ ಮೆಟ್ರೋ ಎಂ.ಜಿ. ರಸ್ತೆಯಿಂದ ಇಲ್ಲಿಯವರೆಗೆ ಓಡಿತ್ತು. ಆರೇ ನಿಲ್ದಾಣ. ಮಗ ನಮ್ಮಿಬ್ಬರನ್ನೂ ಕರೆದುಕೊಂಡು ಬಂದಿದ್ದ. ಕೊನೆಯ ನಿಲ್ದಾಣದಲ್ಲಿ ಇಳಿದು, "ಇಷ್ಟೇಯಾ?" ಎಂದಿದ್ದಳು ಅವಳು. ಇಷ್ಟೇ ಆಗಿ ಉಳಿಯಲಿಲ್ಲ. 2016ರಲ್ಲಿ ಮಾರ್ಗ ಮೈಸೂರು ರಸ್ತೆಯವರೆಗೆ, 2021ರ ಆಗಸ್ಟ್‌ನಲ್ಲಿ ಕೆಂಗೇರಿಯವರೆಗೆ ಬೆಳೆಯಿತು. 2023ರ ಮಾರ್ಚ್‌ನಲ್ಲಿ ವೈಟ್‌ಫೀಲ್ಡ್–ಕೆ.ಆರ್. ಪುರ ಶುರುವಾದಾಗ ನಡುವೆ ಬೈಯಪ್ಪನಹಳ್ಳಿಯವರೆಗೆ ಒಂದು ಸಣ್ಣ ತುಂಡು ಬಾಕಿ ಉಳಿದಿತ್ತು. ಏಳು ತಿಂಗಳ ಹತ್ತಿರ ಆ ಎರಡು ಕೊನೆಯ ನಿಲ್ದಾಣಗಳನ್ನು ಕೂಡಿಸಿದ್ದು ಫೀಡರ್ ಬಸ್ಸುಗಳು. ಅಕ್ಟೋಬರ್ 9ರಂದು ಆ ತುಂಡೂ ಸೇರಿತು, ಇತ್ತ ಕೆಂಗೇರಿಯಿಂದ ಚಲ್ಲಘಟ್ಟದವರೆಗೂ ರೈಲು ಹೋಯಿತು. ಕೊನೆ ಎನ್ನುವುದು ಹೀಗೆ ಮುಂದೆ ಮುಂದೆ ಹೋಗುತ್ತಲೇ ಇದೆ. ನೋಡಲು ಅವಳಿಲ್ಲ.

ಕೆಂಗೇರಿ ಬಸ್ ಟರ್ಮಿನಲ್‌ನಲ್ಲಿ ಮಗ ನಿಂತಿದ್ದ. ಮುಖ ಬಾಡಿತ್ತು. "ಎಂತ ಅಪ್ಪ, ಇಷ್ಟು ತಡ?"

"ಶಿರಾಡಿಯಲ್ಲಿ ಬ್ಲಾಕ್ ಮಾರಾಯ. ಬಸ್ಸು ಎರಡೂವರೆ ಗಂಟೆ ನಿಂತಿತ್ತು" ಎಂದುಬಿಟ್ಟೆ. ಸಮಯಕ್ಕೆ ಸರಿಯಾಗಿ ತಂದು ಇಳಿಸಿದ ಆ ಪಾಪದ ಡ್ರೈವರನ ಮೇಲೆ ತಪ್ಪು ಹೊರಿಸಿ, ಮನೆಗೆ ಹೋಗಿ ಇಡ್ಲಿ ತಿಂದೆ. ಇಡ್ಲಿ ಗಂಟಲಲ್ಲಿ ಇಳಿಯಲಿಲ್ಲ.

ಸಂಜೆ ಮೊಮ್ಮಗಳು ನನ್ನನ್ನು ಬಸ್ ಟರ್ಮಿನಲ್ ತೋರಿಸಲು ಕರೆದುಕೊಂಡು ಹೋದಳು. ಬೆಂಗಳೂರಿನಲ್ಲಿ ಟಿ.ಟಿ.ಎಂ.ಸಿ. ಎಂದು ಹತ್ತು ಕಡೆ ಕಟ್ಟಿದ ದೊಡ್ಡ ಬಸ್ ನಿಲ್ದಾಣಗಳಲ್ಲಿ ಕೆಂಗೇರಿಯದ್ದೂ ಒಂದು. ಮೈಸೂರು ರಸ್ತೆಯ ಪಕ್ಕದಲ್ಲೇ ಬಸ್ಸು, ಮೇಲೆ ಮೆಟ್ರೋ. ಇಳಿದವನು ಹತ್ತಬಹುದು, ಹತ್ತಿದವನು ಇಳಿಯಬಹುದು. ಇಂದ್ರಾಳಿಗೆ ಹೀಗೊಂದು ಇದ್ದಿದ್ದರೆ ಎಂದುಕೊಂಡೆ. "ಅಜ್ಜ, ನಿಮ್ಮ ಕಾರ್ಡಿಗೆ ದುಡ್ಡು ಹಾಕಿಸುವ" ಎಂದು ಅವಳು ಕೌಂಟರಿಗೆ ಓಡಿದಳು. ಕೌಂಟರಿನ ಹುಡುಗಿ, "ಬ್ಯಾಲೆನ್ಸ್ 186" ಎಂದಳು.

ಮೊಮ್ಮಗಳು ಸುಮ್ಮನಾದಳು. ಬಸ್ ನಿಲ್ದಾಣದ ಬೆಂಚಿನಲ್ಲಿ ಕುಳಿತ ಮೇಲೆ ಮೆಲ್ಲಗೆ ಕೇಳಿದಳು: "ಅಜ್ಜ, 300 ಇತ್ತು. 114 ಹೋಗಿದೆ. ಒಂದು ಪ್ರಯಾಣಕ್ಕೆ ಎಷ್ಟು ದೂರ ಹೋದರೂ 60 ರೂಪಾಯಿಗಿಂತ ಜಾಸ್ತಿ ಇಲ್ಲ. ಕಾರ್ಡಿಗೆ ನೂರಕ್ಕೆ ಐದು ಕಡಿಮೆ, ಅಂದರೆ 57. ಎರಡು 57 ಅಂದರೆ 114. ನೀವು ಎರಡು ಸಲ ತುಂಬಾ ತುಂಬಾ ದೂರ ಹೋಗಿದ್ದೀರಿ. ವೈಟ್‌ಫೀಲ್ಡಿಗೆ ಹೋಗಿದ್ರಾ?"

ನಲವತ್ತು ವರ್ಷದ ಕೆಳಗೆ ನಮ್ಮ ಶಾಖೆಗೆ ಬರುತ್ತಿದ್ದ ಇನ್‌ಸ್ಪೆಕ್ಟರುಗಳು ಕೂಡ ನನ್ನನ್ನು ಹೀಗೆ ಹಿಡಿದಿರಲಿಲ್ಲ. ತಲೆ ಅಲ್ಲಾಡಿಸಿದೆ. "ಅಪ್ಪನಿಗೆ ಹೇಳಬೇಡ ಪುಟ್ಟಿ" ಎಂದೆ.

ಅವಳು ಸ್ವಲ್ಪ ಹೊತ್ತು ಕಾಲು ಆಡಿಸಿದಳು. "ನೀವೇ ಹೇಳಿದ್ದಲ್ವಾ ಅಜ್ಜ, ಕಾಪುವಿನ ಕಥೆ?"

ಕಾಪು ಶಾಖೆಯಲ್ಲಿ ನಾನಿದ್ದಾಗಿನ ಕಥೆ ಅದು. ಆಗ ಕಂಪ್ಯೂಟರ್ ಇರಲಿಲ್ಲ, ಎಲ್ಲವೂ ದಪ್ಪ ಲೆಡ್ಜರುಗಳು. ಒಂದು ದಿನ ಲೆಕ್ಕದಲ್ಲಿ 63 ರೂಪಾಯಿ ವ್ಯತ್ಯಾಸ ಬಂತು. ಒಬ್ಬರು, "ನಾಲ್ಕು ಜನ ಸೇರಿ ಕೈಯಿಂದ ಹಾಕಿ ಮುಗಿಸುವ, ಮನೆಗೆ ಹೋಗುವ" ಎಂದರು. ಮ್ಯಾನೇಜರು ಒಪ್ಪಲಿಲ್ಲ. "ವ್ಯತ್ಯಾಸವನ್ನು ಒಂಬತ್ತರಿಂದ ಭಾಗಿಸಿ ನೋಡಿ" ಎಂದರು. 63 ಭಾಗಿಸಿತು, ಏಳು. ಹಾಗೆ ಪೂರ್ತಿ ಭಾಗವಾದರೆ ಯಾರೋ ಅಂಕೆಗಳನ್ನು ಅದಲುಬದಲು ಬರೆದಿರುವ ಸಾಧ್ಯತೆ ಹೆಚ್ಚು. ಹುಡುಕಿದೆವು. ದೀಪಸ್ತಂಭದ ಬೆಳಕು ಸಮುದ್ರದ ಮೇಲೆ ತಿರುಗುವ ಹೊತ್ತಿಗೆ ಸಿಕ್ಕಿತು: 192 ಎಂದು ಬರೆಯಬೇಕಾದಲ್ಲಿ 129. ಬರೆದವನು ನಾನೇ. ಮ್ಯಾನೇಜರು ಬಯ್ಯಲಿಲ್ಲ. "ತಪ್ಪು ಎಲ್ಲರೂ ಮಾಡುತ್ತಾರೆ. ಮುಚ್ಚಿಟ್ಟರೆ ನಾಳೆ ಅದು ಬೇರೆಯವರ ಲೆಕ್ಕದಲ್ಲಿ ಕಾಣಿಸುತ್ತದೆ" ಎಂದರು. ಈ ಕಥೆಯನ್ನು ಮೊಮ್ಮಗಳಿಗೆ ಎಷ್ಟೋ ಸಲ ಹೇಳಿದ್ದೆ, ಅವಳು ಗಣಿತದಲ್ಲಿ ಕಡಿಮೆ ಅಂಕ ತಂದು ಉತ್ತರಪತ್ರಿಕೆ ಅಡಗಿಸಿಟ್ಟ ದಿನವೂ.

ನನ್ನ ನಾಣ್ಯವನ್ನೇ ಅವಳು ನನಗೆ ಮರಳಿ ಕೊಟ್ಟಿದ್ದಳು. ನಾನು ತಗೊಳ್ಳಲೇಬೇಕಾಯಿತು.

ರಾತ್ರಿ ಊಟಕ್ಕೆ ಕುಳಿತಾಗ ಎಲ್ಲವನ್ನೂ ಹೇಳಿದೆ. ವೈಟ್‌ಫೀಲ್ಡ್, ಕಂಡಕ್ಟರು, ಕಾಫಿ, ಶಿರಾಡಿಯ ಸುಳ್ಳು. ಯಾಕೆ ಸುಳ್ಳು ಹೇಳಿದೆ ಎಂಬುದನ್ನೂ ಹೇಳಿದೆ. "ನೀನು ಮನೆಗೆ ಬೀಗ ಹಾಕಿಸ್ತೀಯ ಅಂತ ಹೆದರಿಕೆ" ಎಂದೆ. ಸೊಸೆ ಸಾರಿನ ಸೌಟು ಹಿಡಿದು ಹಾಗೇ ನಿಂತಳು.

ಮಗ ತಟ್ಟೆ ನೋಡುತ್ತಾ ಕುಳಿತಿದ್ದ. ಆಮೇಲೆ ಹೇಳಿದ: "ಅಪ್ಪ, ನಾನು ಕೆಲಸಕ್ಕೆ ಅಂತ ಇಲ್ಲಿಗೆ ಬಂದ ಮೊದಲ ವಾರ ಮೆಜೆಸ್ಟಿಕ್‌ನಲ್ಲಿ ತಪ್ಪು ಬಸ್ಸು ಹತ್ತಿದ್ದೆ. ಕೊನೆಯ ಸ್ಟಾಪಿನಲ್ಲಿ ಇಳಿಸಿದ್ರು, ರಾತ್ರಿ ಹತ್ತು ಗಂಟೆ. ಅಲ್ಲಿಯ ಬೂತಿನಿಂದಲೇ ಮನೆಗೆ ಫೋನ್ ಮಾಡಿ, ಊಟ ಆಯ್ತು, ರೂಮಿನಲ್ಲಿದ್ದೇನೆ ಅಂತ ಹೇಳಿದ್ದೆ. ಗೊತ್ತಾದ್ರೆ ನೀವು ಊರಿಗೆ ವಾಪಸ್ ಕರೆಸ್ತೀರಿ ಅಂತ."

ಆ ಫೋನು ನನಗೆ ನೆನಪಿತ್ತು. ಅವತ್ತು ಫೋನ್ ಇಟ್ಟ ಮೇಲೆ ಇವನ ಅಮ್ಮ, "ರೂಮಿನಲ್ಲಿದ್ದಾನೆ ಅಂತಾನೆ, ಹಿಂದೆ ಬಸ್ಸಿನ ಹಾರನ್ ಕೇಳ್ತದೆ" ಎಂದಿದ್ದಳು. ರಾತ್ರಿಯಿಡೀ ನಿದ್ದೆ ಮಾಡಿರಲಿಲ್ಲ. ನಾನು, "ರಸ್ತೆ ಬದಿಯ ರೂಮಾಗಿರಬೇಕು" ಎಂದು ಹೇಳಿ ಮಗ್ಗುಲಾಗಿದ್ದೆ. ಅದನ್ನು ಮಗನಿಗೆ ಹೇಳಿದೆ. ಅವನು ಕಣ್ಣೊರಸಿಕೊಂಡ, "ಅಮ್ಮನಿಗೆ ಗೊತ್ತಿತ್ತಾ!" ಎಂದ. ನಾವಿಬ್ಬರೂ ಅವಳ ಬಗ್ಗೆ ಅಷ್ಟು ಹೊತ್ತು ಮಾತಾಡಿದ್ದು, ಅವಳು ಹೋದ ಮೇಲೆ ಅದೇ ಮೊದಲು.

ಅಂದು ಒಂದು ಒಪ್ಪಂದವಾಯಿತು. ಬಾವಿ, ಹಲಸಿನ ಮರ ಇದ್ದಲ್ಲಿಯೇ ಇರಲಿ. ನಾನು ಪರ್ಕಳದಲ್ಲಿರುವುದು, ಬೇಕೆನಿಸಿದಾಗ ಒಬ್ಬನೇ ಬಸ್ಸು ಹತ್ತುವುದು. ದಾರಿ ತಪ್ಪಿದರೆ ತಪ್ಪಿತೆಂದು ಕೂಡಲೇ ಫೋನ್ ಮಾಡುವುದು. ಅವನು ಬಯ್ಯಬಾರದು, ನಾನು ಬಸ್ಸಿನ ಮೇಲೆ ತಪ್ಪು ಹೊರಿಸಬಾರದು. ಮೊಮ್ಮಗಳು ಅದನ್ನು ಕಾಗದದಲ್ಲಿ ಬರೆದು ಇಬ್ಬರಿಂದಲೂ ಸಹಿ ಹಾಕಿಸಿದಳು. ಜೆರಾಕ್ಸ್ ಪ್ರತಿ ನನ್ನ ಡೈರಿಯಲ್ಲಿದೆ.

2024ರ ನವೆಂಬರ್ 7ರಂದು ಹಸಿರು ಮಾರ್ಗ ನಾಗಸಂದ್ರದಿಂದ ಮಾದಾವರದವರೆಗೆ ಹೋಯಿತು, ನನ್ನ ಕೊನೆಯ ನಿಲ್ದಾಣ ನಡುವಿನ ನಿಲ್ದಾಣವಾಯಿತು. ಆಮೇಲೆ ನಾನು ಎರಡು ಸಲ ಬೆಂಗಳೂರಿಗೆ ಹೋಗಿ ಬಂದೆ. ಮೆಜೆಸ್ಟಿಕ್‌ನಲ್ಲಿ ರೈಲು ಹತ್ತುವ ಮೊದಲು ಪಕ್ಕದವರನ್ನು ಕೇಳುತ್ತೇನೆ: "ಇದು ಚಲ್ಲಘಟ್ಟ ಕಡೆಗೇ ಅಲ್ವಾ?" ಫಲಕ ಓದಿರುತ್ತೇನೆ, ಗೊತ್ತಿರುತ್ತದೆ. ಆದರೂ ಕೇಳುತ್ತೇನೆ. ಎರಡು ಸಲ ಎಣಿಸಿದರೆ ನಷ್ಟವೇನಿಲ್ಲ.